ಪಹಣಿಯಲ್ಲಿ ಇನ್ನೂ ತೀರಿಹೋದವರ ಹೆಸರೇ? ಪೌತಿ ಖಾತೆ ಅರ್ಜಿ ವಾಪಸ್ ಬರದಂತೆ ಮಾಡಿಸುವ ಕ್ರಮ

"ಅರ್ಜಿ ಕೊಟ್ಟು ಆರು ತಿಂಗಳಾಯ್ತು, ಪಹಣಿ ತೆಗೆಸಿದ್ರೆ ಇನ್ನೂ ಅಪ್ಪನ ಹೆಸರೇ ಬರ್ತಿದೆ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರ ಕಡತ ಬಿಚ್ಚಿ ನೋಡಿದರೆ ಹೆಚ್ಚಿನ ಸಲ ಸಿಗುವುದು ಮೂರೇ ಕಾರಣ. ಒಂದೊಂದು ಕಾಗದದಲ್ಲಿ ಹೆಸರು ಒಂದೊಂದು ಥರ ಇರುತ್ತದೆ. ಇಲ್ಲವೇ ವಂಶವೃಕ್ಷದಲ್ಲಿ ಯಾರನ್ನೋ ಬಿಟ್ಟಿರುತ್ತಾರೆ. ಅದೂ ಅಲ್ಲದಿದ್ದರೆ ಪೌತಿ ಅರ್ಜಿಯಲ್ಲೇ (ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು ಕೊಡುವ ಅರ್ಜಿ) "ನನ್ನ ಪಾಲು ನನಗೆ ಬೇರೆ ಮಾಡಿಕೊಡಿ" ಎಂದು ಕೇಳಿರುತ್ತಾರೆ.

ಈ ಮೂರೂ ತಪ್ಪು ಆಗುವುದು ತಾಲ್ಲೂಕು ಕಚೇರಿಯಲ್ಲಲ್ಲ, ಮನೆಯಲ್ಲೇ, ಅರ್ಜಿ ಬರೆಯುವ ಮುಂಚೆ. ಹಾಗಾಗಿ ಇಲ್ಲಿ ಅರ್ಜಿ ಕೊಡುವುದು ಆರನೆಯ ಹಂತ. ಅದಕ್ಕಿಂತ ಮುಂಚಿನ ಐದನ್ನು ಹಾರಿಸಿ ಹೋದವರೇ ಮತ್ತೆ ಮತ್ತೆ ಅಲೆಯುವುದು.

ಇದು ಕರ್ನಾಟಕದ ಕೃಷಿ ಜಮೀನಿಗೆ, ಅಂದರೆ ಪಹಣಿ ಇರುವ ಸರ್ವೆ ನಂಬರಿಗೆ ಸಂಬಂಧಿಸಿದ ಕ್ರಮ. ಉತ್ತರ ಕರ್ನಾಟಕದವರು ಪಹಣಿಯನ್ನೇ ಉತಾರ ಎನ್ನುತ್ತಾರೆ, ಪೌತಿಗೆ ವಾರಸಾ ಎನ್ನುತ್ತಾರೆ. ಕಾನೂನು ಒಂದೇ, 1964ರ ಕರ್ನಾಟಕ ಭೂಕಂದಾಯ ಅಧಿನಿಯಮ. ಊರೊಳಗಿನ ಮನೆ, ನಿವೇಶನದ ವಿಚಾರವಾದರೆ ದಾರಿ ಬೇರೆ: ಗ್ರಾಮ ಪಂಚಾಯಿತಿಯ ಇ-ಸ್ವತ್ತು, ಪಟ್ಟಣವಾದರೆ ನಗರಸಭೆಯ ಇ-ಖಾತೆ. ಜಮೀನಿನ ಕಾಗದ ಹಿಡಿದು ಪಂಚಾಯಿತಿಗೆ, ಮನೆಯ ಕಾಗದ ಹಿಡಿದು ನಾಡಕಚೇರಿಗೆ ಹೋಗುವವರು ಈಗಲೂ ಇದ್ದಾರೆ.

ಮೊದಲೇ ತಿಳಿದಿರಬೇಕಾದ ಎರಡು ಮಾತು

ಮೊದಲನೆಯದು ಹೊಣೆಯ ಮಾತು. ಭೂಕಂದಾಯ ಅಧಿನಿಯಮದ 128ನೇ ಕಲಂ ಪ್ರಕಾರ, ವಾರಸಿನಿಂದ ಹಕ್ಕು ಬಂದವರು ಮೂರು ತಿಂಗಳೊಳಗೆ ಅದನ್ನು ಬಾಯಲ್ಲೋ ಬರಹದಲ್ಲೋ ವರದಿ ಮಾಡಬೇಕು, ವರದಿ ಪಡೆದ ಅಧಿಕಾರಿ ಲಿಖಿತ ಸ್ವೀಕೃತಿ ಕೊಡಬೇಕು. ಮೂರು ತಿಂಗಳು ದಾಟಿದರೆ ಹಕ್ಕೇನೂ ಹೋಗುವುದಿಲ್ಲ. ಮೂವತ್ತು ವರ್ಷದ ಹಿಂದೆ ತೀರಿಕೊಂಡವರ ಪೌತಿಯೂ ಆಗುತ್ತದೆ. ಆದರೆ ತಡವಾದಷ್ಟೂ ವಾರಸುದಾರರು ಹೆಚ್ಚುತ್ತಾರೆ, ಸಹಿಗಳು ಹೆಚ್ಚುತ್ತವೆ, ಮುನಿಸುಗಳೂ ಹೆಚ್ಚುತ್ತವೆ.

ಎರಡನೆಯದು, ಪೌತಿ ಖಾತೆಯಿಂದ ಯಾರಿಗೂ ಹೊಸದಾಗಿ ಮಾಲೀಕತ್ವ ಹುಟ್ಟುವುದಿಲ್ಲ. ತೀರಿಹೋದ ಕ್ಷಣದಲ್ಲೇ ವಾರಸುದಾರರಿಗೆ ಹಕ್ಕು ಬಂದಿರುತ್ತದೆ. ಪಹಣಿ ಅದನ್ನು ದಾಖಲಿಸುತ್ತದೆ ಅಷ್ಟೇ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಅಣ್ಣನೊಬ್ಬನೇ ತನ್ನ ಹೆಸರಿಗೆ ಪೌತಿ ಮಾಡಿಸಿಕೊಂಡಿದ್ದಾನೆ ಎಂದರೆ ತಂಗಿಯ ಪಾಲು ಮುಗಿಯಿತು ಎಂದಲ್ಲ. ಅಣ್ಣನಿಗೂ ಇದು ಗೊತ್ತಿರುವುದು ಒಳ್ಳೆಯದು.

1. ಪಹಣಿಯನ್ನು ಸಾಲು ಸಾಲಾಗಿ ಓದಿ

ಈಗಿನ ಪಹಣಿಯ ಒಂದು ಪ್ರತಿ ತೆಗೆಸಿ. ಭೂಮಿ ಜಾಲತಾಣದಲ್ಲಿ ಸಿಗುತ್ತದೆ, ನಾಡಕಚೇರಿಯಲ್ಲೂ ಸಿಗುತ್ತದೆ. ಜೊತೆಗೆ ತೀರಿಹೋದವರ ಹೆಸರಿಗೆ ಖಾತೆ ಬಂದ ಎಂಆರ್ (ಮ್ಯುಟೇಶನ್ ರಿಜಿಸ್ಟರ್, ಅಂದರೆ ಖಾತೆ ಬದಲಾವಣೆಯ ವಹಿ) ಪ್ರತಿಯನ್ನೂ ತೆಗೆದುಕೊಳ್ಳಿ. ಎಂಆರ್ ಸಂಖ್ಯೆ ಪಹಣಿಯ 10ನೇ ಕಾಲಂನಲ್ಲೇ ಇರುತ್ತದೆ.

9ನೇ ಕಾಲಂ ನೋಡಿ. ಕಬ್ಜೆದಾರರ ಹೆಸರು ಅಕ್ಷರಕ್ಕೆ ಅಕ್ಷರ ಹೇಗಿದೆಯೋ ಹಾಗೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: "ಬಿನ್" (ಇಂಥವರ ಮಗ) ಯಾರು, "ಕೋಂ" (ಇಂಥವರ ಹೆಂಡತಿ) ಯಾರು, "ಉರುಫ್" (ಇನ್ನೊಂದು ಹೆಸರು) ಇದೆಯೇ ಎಲ್ಲವನ್ನೂ. ಒಂದೇ ಪಹಣಿಯಲ್ಲಿ ಹಲವರ ಹೆಸರಿದ್ದರೆ ನಿಮ್ಮವರ ಹೆಸರಿನ ಮುಂದೆ ಎಷ್ಟು ಎಕರೆ, ಎಷ್ಟು ಗುಂಟೆ ಇದೆ ನೋಡಿ.

ಆಮೇಲೆ ಕೂಡಿಸಿ. 3ನೇ ಕಾಲಂನ ಒಟ್ಟು ವಿಸ್ತೀರ್ಣದಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಭಾಗ, ಕಳೆದರೆ ಉಳಿಯುವುದಕ್ಕೂ, 9ನೇ ಕಾಲಂನಲ್ಲಿ ಎಲ್ಲರ ಹೆಸರಿನ ಮುಂದಿರುವ ವಿಸ್ತೀರ್ಣದ ಮೊತ್ತಕ್ಕೂ ತಾಳೆಯಾಗಬೇಕು. ಆಗದಿದ್ದರೆ ಇದೇ ಮೊದಲ ಅಪಾಯದ ಗುರುತು. ಮೊದಲು ತಹಶೀಲ್ದಾರರಿಗೆ ಪಹಣಿ ತಿದ್ದುಪಡಿ ಅರ್ಜಿ ಕೊಡಿ, ಪೌತಿ ಆಮೇಲೆ. ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಕಡತ ಮಧ್ಯದಲ್ಲಿ ನಿಂತಾಗಲೇ ಗೊತ್ತಾಗುವುದು.

11ನೇ ಕಾಲಂನಲ್ಲಿ ಸಾಲ, ತಡೆಯಾಜ್ಞೆ, ಸರ್ಕಾರದ ಷರತ್ತು ಇವೆಲ್ಲ ಇರುತ್ತವೆ. ಬ್ಯಾಂಕ್ ಸಾಲ ಇದೆ ಎಂದ ಮಾತ್ರಕ್ಕೆ ಪೌತಿ ನಿಲ್ಲಬೇಕಿಲ್ಲ. ಹೆಸರು ಬದಲಾದರೂ ಸಾಲದ ನಮೂದು ಜಮೀನಿನ ಮೇಲೆ ಹಾಗೇ ಮುಂದುವರಿಯುತ್ತದೆ. ನ್ಯಾಯಾಲಯದ ತಡೆಯಾಜ್ಞೆ ಇದ್ದರೆ ಮಾತ್ರ ಮೊದಲು ವಕೀಲರನ್ನು ಕಾಣಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪರಭಾರೆಯನ್ನು, ಅಂದರೆ ಮಾರಾಟ, ದಾನದಂಥವನ್ನು ತಡೆಯುತ್ತದೆ; ವಾರಸುದಾರರ ಹೆಸರಿಗೆ ಬರುವುದನ್ನಲ್ಲ.

ಕೊನೆಯದಾಗಿ ಕಾವೇರಿ ಜಾಲತಾಣದಲ್ಲಿ ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನಿನಲ್ಲೇ ಸಿಗುತ್ತದೆ. ಹಿರಿಯರು ಬದುಕಿದ್ದಾಗ ಯಾರಿಗಾದರೂ ಕ್ರಯವನ್ನೋ ದಾನಪತ್ರವನ್ನೋ ಮಾಡಿಕೊಟ್ಟಿದ್ದರೆ ಅಲ್ಲಿ ಕಾಣುತ್ತದೆ. ಮನೆಯವರಿಗೆ ಹೇಳದೆ ಮಾಡಿದ ವ್ಯವಹಾರ ಹೊರಬರುವುದು ಹೆಚ್ಚಾಗಿ ಈ ಒಂದು ಹಾಳೆಯಿಂದಲೇ.

2. ಮರಣ ಪ್ರಮಾಣಪತ್ರ

ಪಹಣಿಯಲ್ಲಿ ಯಾರ ಹೆಸರಿದೆಯೋ ಅವರಿಂದ ಶುರುಮಾಡಿ ನಿಮ್ಮವರೆಗೆ ನಡುವೆ ತೀರಿಹೋದ ಪ್ರತಿಯೊಬ್ಬರದ್ದೂ ಬೇಕು. ಪಹಣಿ ಅಜ್ಜನ ಹೆಸರಿನಲ್ಲಿದ್ದು ಅಪ್ಪನೂ ಇಲ್ಲವೆಂದರೆ ಇಬ್ಬರದ್ದೂ ಬೇಕು. ಅಪ್ಪನದನ್ನು ಮಾತ್ರ ಲಗತ್ತಿಸಿ ಕೊಡುವುದು ಬಹಳ ಸಾಮಾನ್ಯ ತಪ್ಪು.

ಸಾವನ್ನು 21 ದಿನದೊಳಗೆ ತಿಳಿಸಿ ನೋಂದಾಯಿಸಬೇಕು. ಹಳೆಯ ಸಾವು, ನೋಂದಣಿಯೇ ಆಗಿಲ್ಲ ಎಂದರೆ ಮೊದಲು ನೋಂದಣಾಧಿಕಾರಿಯಿಂದ "ದಾಖಲೆ ಲಭ್ಯವಿಲ್ಲ" ಎಂಬ ಪತ್ರ ಪಡೆಯಿರಿ. ಒಂದು ವರ್ಷ ದಾಟಿದ್ದಕ್ಕೆ ಹಿಂದೆ ನ್ಯಾಯಾಲಯಕ್ಕೇ ಹೋಗಬೇಕಿತ್ತು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿಯ ಪ್ರಕಾರ ಈಗ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಆದೇಶ ಕೊಡಬಹುದು. ಶವಸಂಸ್ಕಾರದ ರಸೀದಿ, ಆಸ್ಪತ್ರೆಯ ಚೀಟಿ, ತಿಥಿ ಕಾರ್ಡು, ಹಳೆಯ ಪಿಂಚಣಿ ನಿಂತ ದಾಖಲೆ ಏನಿದೆಯೋ ಹುಡುಕಿಡಿ.

ಕಾಣೆಯಾದವರದು ಬೇರೆಯೇ ಸಂಕಟ. ಏಳು ವರ್ಷ ಸುಳಿವಿಲ್ಲದಿದ್ದರೆ ಸತ್ತಿದ್ದಾರೆಂದು ಭಾವಿಸಲು ಕಾನೂನು ಅವಕಾಶ ಕೊಡುತ್ತದೆ, ಆದರೆ ಅದನ್ನು ಘೋಷಿಸಬೇಕಾದ್ದು ಸಿವಿಲ್ ನ್ಯಾಯಾಲಯ. ತಹಶೀಲ್ದಾರರು ಅದನ್ನು ಮಾಡಲಾರರು.

3. ವಾರಸುದಾರರ ಪಟ್ಟಿ: ಹೆಚ್ಚಿನವರು ಎಡವುವುದು ಇಲ್ಲೇ

ಅರ್ಜಿಯ ನಮೂನೆ ಪಕ್ಕಕ್ಕಿಡಿ. ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ಬಿಳಿ ಹಾಳೆಯ ಮೇಲೆ ಎಲ್ಲರ ಹೆಸರು ಬರೆಯಿರಿ. ಬದುಕಿದ್ದವರು, ತೀರಿದವರು, ಮದುವೆಯಾಗಿ ಹೋದವರು, ಊರು ಬಿಟ್ಟವರು, ಮಾತು ಬಿಟ್ಟವರು, ಎಲ್ಲರೂ ಬರಬೇಕು.

ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ತಾತನ ಜಮೀನಿನ ಪೌತಿಗೆ ಬರೆದ ಮೊದಲ ಪಟ್ಟಿಯಲ್ಲಿ ದೊಡ್ಡತ್ತೆಯ ಹೆಸರೇ ಇರಲಿಲ್ಲ. ಬೇಕೆಂದೇ ಬಿಟ್ಟಿದ್ದಲ್ಲ. ಅವರು ತೀರಿಹೋಗಿ ಬಹಳ ವರ್ಷವಾಗಿತ್ತು, "ಅವರಿಲ್ಲವಲ್ಲ" ಎಂದು ಬರೆದವರು ಬಿಟ್ಟರು. ಅವರಿಲ್ಲ ನಿಜ, ಅವರ ಇಬ್ಬರು ಮಕ್ಕಳಿದ್ದರು. ನೋಟಿಸ್ ನೋಡಿ ಒಬ್ಬ ಭಾವ ತಕರಾರು ಹಾಕಿದ. ಒಂದು ಹೆಸರಿಗಾಗಿ ಮತ್ತೆ ವಂಶವೃಕ್ಷ, ಮತ್ತೆ ಅಫಿಡವಿಟ್. ಮುನಿಸು ಹೋಗಲು ಅದಕ್ಕಿಂತ ಹೆಚ್ಚು ದಿನ ಬೇಕಾಯಿತು.

ಹಿಂದೂ ಕುಟುಂಬದ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಮೊದಲ ದರ್ಜೆಯ ವಾರಸುದಾರರಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತೀರಿದವರ ತಾಯಿ, ಮೊದಲೇ ತೀರಿದ ಮಗ ಅಥವಾ ಮಗಳ ಮಕ್ಕಳು, ಮೊದಲೇ ತೀರಿದ ಮಗನ ಹೆಂಡತಿ ಬರುತ್ತಾರೆ. ತಂದೆ ಈ ಪಟ್ಟಿಯಲ್ಲಿಲ್ಲ, ಅಣ್ಣತಮ್ಮಂದಿರೂ ಇಲ್ಲ.

ತಾಯಿಯನ್ನು ಎಲ್ಲರೂ ಮರೆಯುತ್ತಾರೆ. ಮರೆತರೆ ಏನಾಗುತ್ತದೆಂದು ಲೆಕ್ಕ ಹಾಕಿಯೇ ನೋಡೋಣ. ಒಬ್ಬರ ಸ್ವಯಾರ್ಜಿತ ಜಮೀನು 3 ಎಕರೆ, ಅಂದರೆ 120 ಗುಂಟೆ. ಅವರಿಗೆ ತಾಯಿ, ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಐದು ಸಮಪಾಲು, ತಲಾ 24 ಗುಂಟೆ. ಮುಂದೆ ಆ ಅಜ್ಜಿ ತೀರಿಕೊಂಡರೆ ಅವರ 24 ಗುಂಟೆ ಈ ಮೊಮ್ಮಕ್ಕಳಿಗಷ್ಟೇ ಬರುವುದಿಲ್ಲ. ಅಜ್ಜಿಗೆ ಇನ್ನೊಬ್ಬ ಮಗ, ಒಬ್ಬ ಮಗಳು ಇದ್ದರೆ ಚಿಕ್ಕಪ್ಪನಿಗೆ 8, ಅತ್ತೆಗೆ 8, ಈ ಮೂವರು ಮಕ್ಕಳಿಗೆ ಒಟ್ಟು ಸೇರಿ 8 ಗುಂಟೆ. ಅಪ್ಪ ತೀರಿಕೊಂಡಾಗ ಅಜ್ಜಿ ಬದುಕಿದ್ದರೇ ಎಂಬ ಒಂದು ಪ್ರಶ್ನೆ ಕೇಳದಿದ್ದಕ್ಕೆ ಹತ್ತು ವರ್ಷದ ಮೇಲೆ ಚಿಕ್ಕಪ್ಪನ ಮಕ್ಕಳು ದಾವೆ ಹೂಡುವುದು ಹೀಗೆ. ಆದ್ದರಿಂದ ಪ್ರತಿ ಹೆಸರಿನ ಮುಂದೆ ತೀರಿದ ತಾರೀಖನ್ನೂ ಬರೆಯಿರಿ. ಯಾರು ಯಾರಿಗಿಂತ ಮೊದಲು ಹೋದರು ಎಂಬುದರ ಮೇಲೆ ಪಟ್ಟಿ ಬದಲಾಗುತ್ತದೆ.

ಹೆಣ್ಣುಮಕ್ಕಳ ವಿಚಾರದಲ್ಲಿ ಇನ್ನೂ ವಾದ ಮಾಡುವವರಿಗೆ: ಕರ್ನಾಟಕದಲ್ಲಿ 1994ರ ತಿದ್ದುಪಡಿಯೇ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಪಾಲುದಾರರನ್ನಾಗಿ ಮಾಡಿತ್ತು, ಆಗ ಮದುವೆಯಾಗಿದ್ದವರನ್ನು ಬಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಲೇಬೇಕೆಂದಿಲ್ಲ, ಮಗಳಿಗೆ ಹಕ್ಕು ಹುಟ್ಟಿನಿಂದಲೇ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕ್ರಮಬದ್ಧವಾಗಿ ಆಗಿಹೋದ ವಿಭಾಗ, ಪರಭಾರೆಗಳನ್ನು ಮಾತ್ರ ಕೆದಕುವಂತಿಲ್ಲ. "ಮದುವೆಯಲ್ಲಿ ಬಂಗಾರ ಕೊಟ್ಟಿದ್ದೀವಿ" ಎಂಬುದು ಹೆಸರು ಬಿಡಲು ಕಾರಣವಾಗುವುದಿಲ್ಲ.

ತೀರಿದವರು ಹೆಂಗಸಾದರೆ ಪಟ್ಟಿ ಬೇರೆ: ಮಕ್ಕಳು ಮತ್ತು ಗಂಡ. ಅಮ್ಮನ ಹೆಸರಿನ ಜಮೀನಿಗೆ ಮಕ್ಕಳು ಅಪ್ಪನನ್ನು ಬಿಟ್ಟು ಅರ್ಜಿ ಕೊಟ್ಟದ್ದನ್ನು ನೋಡಿದ್ದೇನೆ. ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದ ಹೆಣ್ಣುಮಗಳಿಗೆ ತವರಿನಿಂದ ಬಂದ ಜಮೀನು ಗಂಡನಿಗೆ ಹೋಗುವುದಿಲ್ಲ, ಅವರ ತಂದೆಯ ವಾರಸುದಾರರಿಗೆ ಮರಳುತ್ತದೆ.

ಎರಡನೇ ಸಂಸಾರ ಇದ್ದ ಮನೆಗಳಲ್ಲಿ ಎಲ್ಲರೂ ಗುಟ್ಟು ಮಾಡುತ್ತಾರೆ, ಅದೇ ಮುಂದೆ ಕೇಸಾಗುತ್ತದೆ. ಮೊದಲ ಹೆಂಡತಿ ಇರುವಾಗಲೇ ಆದ ಎರಡನೇ ಮದುವೆ ಕಾನೂನಿನಲ್ಲಿ ಅನೂರ್ಜಿತ, ಆದರೆ ಆ ಮಕ್ಕಳು ತಂದೆಯ ಆಸ್ತಿಯ ಮಟ್ಟಿಗೆ ವಾರಸುದಾರರೇ. ಅವಿಭಕ್ತ ಕುಟುಂಬದಲ್ಲಿ ತಂದೆಗೆ ಬರಬಹುದಾಗಿದ್ದ ಪಾಲಿನಲ್ಲೂ ಅವರಿಗೆ ಹಕ್ಕಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ್ದು ಕರ್ನಾಟಕದಿಂದ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲೇ.

ಮುಸ್ಲಿಂ ಕುಟುಂಬಗಳಿಗೆ ಅವರ ವೈಯಕ್ತಿಕ ಕಾನೂನು, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಮೇಲಿನ ಪಟ್ಟಿಯನ್ನು ಅಲ್ಲಿಗೆ ಹಚ್ಚಬೇಡಿ.

4. ಹೆಸರುಗಳನ್ನು ತಾಳೆ ಮಾಡಿ

ಒಂದನೇ ಹಂತದಲ್ಲಿ ಬರೆದಿಟ್ಟ ಹೆಸರನ್ನು ಈಗ ತೆಗೆಯಿರಿ. ಪಹಣಿಯಲ್ಲಿ "ಕೆಂಚಯ್ಯ ಬಿನ್ ಮರಿಯಪ್ಪ", ಮರಣ ಪತ್ರದಲ್ಲಿ "ಕೆಂಚಪ್ಪ ಎಂ", ಮಗನ ಆಧಾರ್‌ನಲ್ಲಿ ತಂದೆಯ ಹೆಸರು "ಕೆಂಚೇಗೌಡ". ಊರಿಗೆಲ್ಲ ಇವರು ಒಬ್ಬರೇ ಎಂದು ಗೊತ್ತು. ಕಾಗದಕ್ಕೆ ಇವರು ಮೂವರು.

ಬದುಕಿರುವವರ ಆಧಾರ್ ತಿದ್ದಿಸುವುದು ಸುಲಭ, ಅದನ್ನು ಮೊದಲು ಮಾಡಿ. ಮೊಬೈಲ್ ನಂಬರ್ ಆಧಾರ್‌ಗೆ ಜೋಡಣೆಯಾಗಿದೆಯೇ ಎಂದೂ ಅಲ್ಲೇ ನೋಡಿಕೊಳ್ಳಿ, ಮುಂದೆ ಒಟಿಪಿ ಬೇಕಾಗುತ್ತದೆ. ತೀರಿಹೋದವರ ಹೆಸರಿನ ವ್ಯತ್ಯಾಸಕ್ಕೆ ಎರಡು ದಾರಿ. ಮರಣ ಪತ್ರದಲ್ಲಿ ತಪ್ಪಿದ್ದರೆ ನೋಂದಣಾಧಿಕಾರಿಯಿಂದ ತಿದ್ದಿಸಿ. ಪಹಣಿಯದು ಮತ್ತು ಉಳಿದ ಕಾಗದದ್ದು ಬೇರೆ ಬೇರೆ ರೂಢಿಯ ಹೆಸರಾದರೆ "ಈ ಇಬ್ಬರೂ ಒಬ್ಬರೇ ವ್ಯಕ್ತಿ" ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಅದಕ್ಕೆ ಆಧಾರವಾಗಿ ಹಳೆಯ ಪಡಿತರ ಚೀಟಿ, ಮತದಾರರ ಚೀಟಿ, ಕ್ರಯಪತ್ರ ಇಡಿ. ಬರೀ ಅಫಿಡವಿಟ್ ಕೊಟ್ಟರೆ ಸಾಲದು, ಮಹಜರಿನ (ಅಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಿ ಬರೆದುಕೊಳ್ಳುವುದು) ವೇಳೆ ಅದನ್ನೇ ಪ್ರಶ್ನಿಸುತ್ತಾರೆ.

5. ವಂಶವೃಕ್ಷ ದೃಢೀಕರಣ

ಇದನ್ನು ನಾಡಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯಬೇಕು. ಮೂರನೇ ಹಂತದ ಹಾಳೆಯನ್ನೇ ನೋಡಿಕೊಂಡು ಅಫಿಡವಿಟ್ ಬರೆಸಿ. ಮರೆಯಬಾರದ ನಿಯಮ ಒಂದೇ: ವಂಶವೃಕ್ಷದ ಬೇರು ಪಹಣಿಯಲ್ಲಿ ಹೆಸರಿರುವ ವ್ಯಕ್ತಿಯೇ ಆಗಿರಬೇಕು. ಪಹಣಿ ಮುತ್ತಾತನ ಹೆಸರಿನಲ್ಲಿದ್ದು ಅಪ್ಪನಿಂದ ಕೆಳಗಿನ ವಂಶವೃಕ್ಷ ತಂದರೆ ಅದು ಬೇರೆ ಕೆಲಸಕ್ಕೆ ಆದೀತು, ಪೌತಿಗೆ ಆಗುವುದಿಲ್ಲ.

ಎಚ್ಚರಿಕೆ: ಟೈಪ್ ಮಾಡುವ ಅಂಗಡಿಯವರು ಹಳೆಯ ಯಾರದ್ದೋ ನಮೂನೆಯ ಮೇಲೆ ಹೆಸರು ಬದಲಿಸಿ ಕೊಡುತ್ತಾರೆ. "ಮೃತರಿಗೆ ಇವರನ್ನು ಬಿಟ್ಟು ಬೇರೆ ವಾರಸುದಾರರಿಲ್ಲ" ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಆ ಸಾಲಿನ ಕೆಳಗೆ ಸಹಿ ಹಾಕುವವರು ನೀವು. ಅಕ್ಕನನ್ನು ಬಿಟ್ಟು ಆ ಸಹಿ ಹಾಕಿದರೆ ಅದು ಸುಳ್ಳು ಪ್ರಮಾಣ, ಕ್ರಿಮಿನಲ್ ಅಪರಾಧ. "ಎಲ್ಲರೂ ಹಾಗೇ ಮಾಡ್ತಾರೆ ಬಿಡಿ ಸಾರ್" ಎಂದ ಮಧ್ಯವರ್ತಿ ಆಗ ಜೊತೆಗೆ ಬರುವುದಿಲ್ಲ.

6. ಅರ್ಜಿ ಕೊಡುವುದು

ಈಗ ಕೈಯಲ್ಲಿ ಇರಬೇಕಾದ್ದು:

- ಚಾಲ್ತಿ ಪಹಣಿ, ಹಳೆಯ ಎಂಆರ್ ಪ್ರತಿ
- ಸಂಬಂಧಪಟ್ಟ ಎಲ್ಲರ ಮರಣ ಪ್ರಮಾಣಪತ್ರ
- ವಂಶವೃಕ್ಷ ದೃಢೀಕರಣ ಪತ್ರ
- ಎಲ್ಲ ವಾರಸುದಾರರ ಆಧಾರ್ ಪ್ರತಿ, ಈಗಿನ ವಿಳಾಸ, ಮೊಬೈಲ್ ನಂಬರ್
- ಹೆಸರು ವ್ಯತ್ಯಾಸವಿದ್ದರೆ ಅಫಿಡವಿಟ್ ಮತ್ತು ಅದರ ಆಧಾರ

ನಾಡಕಚೇರಿಯಲ್ಲಿ ಅಥವಾ ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ವಾರಸಾ ಖಾತೆ ಬದಲಾವಣೆಗೆ ಅರ್ಜಿ ಕೊಡಿ. 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನ ಶುರುಮಾಡಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಗಳೇ ಮನೆ ಬಾಗಿಲಿಗೆ ಬಂದು ಆಧಾರ್ ಒಟಿಪಿ ಮೂಲಕ ವಿವರ ಪಡೆಯುವ ವ್ಯವಸ್ಥೆಯೂ ಬಂದಿದೆ. ನಿಮ್ಮ ವೃತ್ತದ ಗ್ರಾಮ ಆಡಳಿತ ಅಧಿಕಾರಿಯನ್ನು (ಹಳಬರ ಬಾಯಲ್ಲಿ ಶಾನುಭೋಗರು) ಮೊದಲು ವಿಚಾರಿಸಿ. ಅವರು ಬಂದರೂ ಮೇಲಿನ ಕಾಗದಗಳು ಬೇಕೇ ಬೇಕು.

ಅರ್ಜಿಯಲ್ಲಿ ಕೇಳಬೇಕಾದ್ದು ಇಷ್ಟೇ: ತೀರಿದವರ ಹೆಸರು ತೆಗೆದು ಎಲ್ಲ ವಾರಸುದಾರರ ಹೆಸರನ್ನು ಜಂಟಿಯಾಗಿ ದಾಖಲಿಸಿ. ಪಾಲು, ಚೆಕ್ಕುಬಂದಿ, ಯಾರು ಯಾವ ಕಡೆ ಉಳುತ್ತಿದ್ದಾರೆ ಎಂಬುದೆಲ್ಲ ಇಲ್ಲಿ ಬೇಡ. ಅದು ಒಂಬತ್ತನೇ ಹಂತದ ಮಾತು. ಮೈನರ್ ಮಕ್ಕಳಿದ್ದರೆ ಪೋಷಕರ ಹೆಸರಿನೊಂದಿಗೆ ಅವರನ್ನೂ ಸೇರಿಸಿ.

ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ. ಸೇವೆ ಸಕಾಲದ (ಗಡುವಿನೊಳಗೆ ಸರ್ಕಾರಿ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆ) ಅಡಿ ಬಂದರೆ ಸ್ವೀಕೃತಿಯಲ್ಲಿ 15 ಅಂಕಿಯ ಸಂಖ್ಯೆ, ಗಡುವಿನ ದಿನ ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ. 500 ರೂಪಾಯಿ ದೊಡ್ಡದಲ್ಲ, ಆದರೆ ಸಕಾಲ ಮೇಲ್ಮನವಿ ಹಾಕಿದರೆ ಕಡತ ಮೇಲಿನ ಅಧಿಕಾರಿಯ ಕಣ್ಣಿಗೆ ಬೀಳುತ್ತದೆ. ಲಾಭ ಇರುವುದು ಅಲ್ಲಿ.

ಖಾಲಿ ಹಾಳೆಗೆ ಸಹಿ, ಹೆಬ್ಬೆಟ್ಟು ಯಾರಿಗೂ ಕೊಡಬೇಡಿ. ಫೋನಿನಲ್ಲಿ ಒಟಿಪಿಯನ್ನೂ ಹೇಳಬೇಡಿ. ಅಜ್ಜಿಯರ ಹೆಬ್ಬೆಟ್ಟಿನ ಮೇಲೆ ಏನೇನು ಬರೆದಿರುತ್ತಾರೆ ಎಂಬುದು ಕೋರ್ಟಿನಲ್ಲೇ ಗೊತ್ತಾಗುವುದು.

7. ನೋಟಿಸ್, ಮಹಜರು, ತಕರಾರು

ಅರ್ಜಿ ದಾಖಲಾದ ಮೇಲೆ 129ನೇ ಕಲಂ ಪ್ರಕಾರ ನೋಟಿಸ್ ಹೊರಡುತ್ತದೆ. ಒಂದು ಪ್ರತಿ ಚಾವಡಿಯಲ್ಲಿ ಅಂಟುತ್ತದೆ, ಸಂಬಂಧಪಟ್ಟವರಿಗೂ ತಿಳಿಸುತ್ತಾರೆ. ತಕರಾರು ಸಲ್ಲಿಸುವ ಗಡುವು ನೋಟಿಸ್‌ನಲ್ಲೇ ಇರುತ್ತದೆ. ಗ್ರಾಮ ಆಡಳಿತ ಅಧಿಕಾರಿ ಸ್ಥಳಕ್ಕೆ ಬಂದು ಅಕ್ಕಪಕ್ಕದ ಹೊಲದವರ, ಊರ ಹಿರಿಯರ ಮುಂದೆ ಮಹಜರು ಬರೆಯುತ್ತಾರೆ, ವರದಿ ಕಂದಾಯ ನಿರೀಕ್ಷಕರಿಗೆ ಹೋಗುತ್ತದೆ.

ಈ ಹಂತದಲ್ಲಿ ನಿಮ್ಮ ಕೆಲಸ ಎರಡು. ಮಹಜರಿನ ದಿನ ಊರಲ್ಲಿರಿ. ಮತ್ತು ದೂರದಲ್ಲಿರುವ ವಾರಸುದಾರರಿಗೆ ನೋಟಿಸ್ ಬರುತ್ತದೆ, ಗಾಬರಿಯಾಗಬೇಡಿ ಎಂದು ಮೊದಲೇ ಫೋನ್ ಮಾಡಿ ಹೇಳಿ. ಎಷ್ಟೋ ತಕರಾರು ಹುಟ್ಟುವುದು ಜಮೀನಿನ ಆಸೆಗಲ್ಲ, "ನನಗೊಂದು ಮಾತು ಹೇಳಲಿಲ್ಲವಲ್ಲ" ಎಂಬುದಕ್ಕೆ.

ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗನಿಗೂ ವಾರಸಿನ ಕೃಷಿ ಜಮೀನು ಬರುತ್ತದೆ. ಅನಿವಾಸಿ ಭಾರತೀಯರು ಕೃಷಿ ಜಮೀನು ಕೊಳ್ಳುವಂತಿಲ್ಲ, ವಾರಸಿನಿಂದ ಪಡೆಯಬಹುದು. ಅವರು ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಲಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿ. ಕವರು ಬೀರುವಿನಲ್ಲಿಟ್ಟು ಮರೆತರೆ ದಂಡ.

ನೀವೇ ಬಿಟ್ಟುಹೋದ ವಾರಸುದಾರರಾದರೆ ನೋಟಿಸ್ ಅವಧಿಯೊಳಗೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ತಕರಾರು ಬಂದ ಕೂಡಲೇ ಅದು ತಕರಾರು ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಎರಡೂ ಕಡೆ ಕೇಳದೆ ಖಾತೆ ಮಾಡುವಂತಿಲ್ಲ. ಬಾಯಲ್ಲಿ ಹೇಳಿ ಬಂದದ್ದು ಲೆಕ್ಕಕ್ಕಿಲ್ಲ.

ಉಯಿಲು ಇದ್ದರೆ, ಅದನ್ನು ಉಳಿದವರು ಒಪ್ಪದಿದ್ದರೆ, ತಹಶೀಲ್ದಾರರ ಮುಂದೆ ವರ್ಷಗಟ್ಟಲೆ ವಾದ ಮಾಡಬೇಡಿ. ಉಯಿಲು ಅಸಲಿಯೋ ನಕಲಿಯೋ ತೀರ್ಮಾನಿಸುವುದು ಸಿವಿಲ್ ನ್ಯಾಯಾಲಯದ ಕೆಲಸ, ಕಂದಾಯ ಅಧಿಕಾರಿಗಳದ್ದಲ್ಲ.

8. ಅರ್ಜಿ ವಜಾ ಆದರೆ

"ಆಗಲ್ಲ ಹೋಗಿ" ಎಂಬ ಬಾಯಿಮಾತಿಗೆ ಮೇಲ್ಮನವಿ ಇಲ್ಲ. ಲಿಖಿತ ಹಿಂಬರಹ ಕೇಳಿ. ಕೊಡದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕಡತದ ಟಿಪ್ಪಣಿ ಹಾಳೆಯ ಪ್ರತಿ ಕೇಳಿ, ಉತ್ತರಕ್ಕೆ 30 ದಿನದ ಗಡುವಿದೆ.

ಹಿಂಬರಹ ಓದಿದಾಗ ಕಾಗದದ ಕೊರತೆ ಎಂದಿದ್ದರೆ ಸರಿಪಡಿಸಿ ಮತ್ತೆ ಅರ್ಜಿ ಕೊಡುವುದೇ ಬೇಗ. ಹಕ್ಕಿನ ಪ್ರಶ್ನೆ ಎತ್ತಿ ವಜಾ ಮಾಡಿದ್ದರೆ, ಅಥವಾ ನಿಮ್ಮನ್ನು ಬಿಟ್ಟು ಖಾತೆ ಮಾಡಿದ್ದರೆ, 136ನೇ ಕಲಂ 2ನೇ ಉಪಕಲಂ ಅಡಿ ಉಪವಿಭಾಗಾಧಿಕಾರಿಗೆ, ಅಂದರೆ ಎಸಿ ಕೋರ್ಟಿಗೆ, 60 ದಿನದೊಳಗೆ ಮೇಲ್ಮನವಿ. ತಡವಾಗಿದ್ದರೆ ಆದೇಶ ಯಾವಾಗ ಗೊತ್ತಾಯಿತು, ಏಕೆ ತಡ ಎಂದು ವಿವರಿಸಿ ವಿಳಂಬ ಮನ್ನಾ ಅರ್ಜಿಯನ್ನೂ ಸೇರಿಸಿ. ಅಲ್ಲಿಂದ ಮೇಲೆ ಜಿಲ್ಲಾಧಿಕಾರಿ ಮುಂದೆ ಪುನರ್ವಿಮರ್ಶೆ. ಹಕ್ಕೇ ವಿವಾದದಲ್ಲಿದ್ದರೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ದಣಿಯುವ ಬದಲು ನೇರ ಸಿವಿಲ್ ದಾವೆ ಹೂಡುವುದೇ ವಾಸಿ. ಅಲ್ಲಿನ ಡಿಕ್ರಿಗೆ ಪಹಣಿ ತಲೆಬಾಗಲೇಬೇಕು.

9. ಬೇರೆ ಬೇರೆ ಖಾತೆ ಬೇಕೆಂದರೆ

ಜಂಟಿ ಖಾತೆ ಬಂದ ಮೇಲಷ್ಟೇ ಇದು. ಎರಡು ದಾರಿ, ಎರಡೂ ಉಪನೋಂದಣಾಧಿಕಾರಿ ಕಚೇರಿಯ ಮೂಲಕ.

ಯಾರಾದರೂ ತಮ್ಮ ಪಾಲು ಬೇಡವೆಂದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಛಾಪಾ ಕಾಗದದ ಮೇಲೆ "ನನಗೇನೂ ಬೇಡ" ಎಂದು ಬರೆಸಿ ನೋಟರಿ ಮಾಡಿಸಿಟ್ಟದ್ದಕ್ಕೆ ಬೆಲೆಯಿಲ್ಲ. ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರಕ್ಕೆ ನೋಂದಣಿ ಕಡ್ಡಾಯ. ಅಂಥ ಹಳೆಯ ಛಾಪಾ ಕಾಗದವನ್ನು ಟ್ರಂಕಿನಲ್ಲಿ ಜೋಪಾನ ಮಾಡಿಟ್ಟುಕೊಂಡು ನಿಶ್ಚಿಂತೆಯಿಂದ ಇರುವವರು ಬಹಳ. ಮೈನರ್ ಮಗುವಿನ ಪರವಾಗಿ ತಾಯಿ ಹಕ್ಕು ಬಿಡುವುದಾದರೆ ಮೊದಲು ನ್ಯಾಯಾಲಯದ ಅನುಮತಿ ಬೇಕು. ಇಲ್ಲದಿದ್ದರೆ ಆ ಮಗು ದೊಡ್ಡದಾದ ಮೇಲೆ ಅದನ್ನು ರದ್ದು ಮಾಡಿಸಬಹುದು.

ಪಾಲಾಗಬೇಕೆಂದರೆ ಮೊದಲು 11ಇ ನಕ್ಷೆಗೆ (ನೋಂದಣಿಗೆ ಮುಂಚೆ ಮಾಡಿಸುವ ಅಳತೆ ನಕ್ಷೆ) ಅರ್ಜಿ ಹಾಕಿ. ಭೂಮಾಪಕರು ಅಳತೆ ಮಾಡಿ ಯಾರ ಭಾಗ ಎಲ್ಲಿ ಎಂದು ಗುರುತಿಸಿದ ಮೇಲೆ ವಿಭಾಗ ಪತ್ರ ಬರೆಸಿ ನೋಂದಾಯಿಸಿ. ಇದನ್ನು ತಿರುಗುಮುರುಗು ಮಾಡಿ, ಮೊದಲು ಪತ್ರ ಬರೆಸಿ ಮುದ್ರಾಂಕಕ್ಕೆ ದುಡ್ಡು ಹಾಕಿ ಆಮೇಲೆ ನಕ್ಷೆಗೆ ಓಡುವವರಿದ್ದಾರೆ. ಅಳತೆಯಲ್ಲಿ ಎರಡು ಗುಂಟೆ ಕಡಿಮೆ ಬಂದರೆ ಪತ್ರವನ್ನೇ ಮತ್ತೆ ಬರೆಸಬೇಕಾಗುತ್ತದೆ. ಬಾವಿ, ಕೊಳವೆಬಾವಿ, ದಾರಿ ಯಾರ ಭಾಗದಲ್ಲಿ, ಯಾರಿಗೆ ಎಷ್ಟು ಹಕ್ಕು ಎಂಬುದನ್ನು ವಿಭಾಗ ಪತ್ರದಲ್ಲಿ ಬಿಡಿಸಿ ಬರೆಸಿ. ಅಣ್ಣತಮ್ಮಂದಿರು ಜಗಳವಾಡುವುದು ಹೊಲಕ್ಕಿಂತ ಹೆಚ್ಚಾಗಿ ದಾರಿಗೆ.

10. ಹೊಸ ಪಹಣಿ ಬಂದ ದಿನ

ಎಂಆರ್ ಅನುಮೋದನೆಯಾಗಿದೆಯೇ ಎಂದು ಭೂಮಿ ಜಾಲತಾಣದಲ್ಲಿ ನೋಡಬಹುದು. ಹೊಸ ಪಹಣಿ ತೆಗೆದ ಕೂಡಲೇ ಎಲ್ಲ ಹೆಸರು ಬಂದಿವೆಯೇ, ಅಕ್ಷರ ಸರಿಯಿದೆಯೇ, ವಿಸ್ತೀರ್ಣ ಕಡಿಮೆಯಾಗಿಲ್ಲವೇ, ಹಿಂದೆ ಇಲ್ಲದ ಯಾವುದೋ ಸಾಲ 11ನೇ ಕಾಲಂನಲ್ಲಿ ಹೊಸದಾಗಿ ಕೂತಿಲ್ಲವೇ ಎಂದು ನೋಡಿ. ತಪ್ಪಿದ್ದರೆ ಅದೇ ವಾರ ತಿದ್ದುಪಡಿ ಅರ್ಜಿ ಕೊಡಿ.

ಆಮೇಲೆ ಪಹಣಿಗೆ ಆಧಾರ್ ಜೋಡಣೆ, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿಗೆ (ರೈತರ ಗುರುತಿನ ಸಂಖ್ಯೆ) ಈ ಸರ್ವೆ ನಂಬರ್ ಸೇರಿಸುವುದು, ಪಂಪ್‌ಸೆಟ್‌ನ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಹೆಸರು ಬದಲಾವಣೆ, ಸಹಕಾರ ಸಂಘದ ಷೇರು. ಎಫ್‌ಐಡಿ ಸರಿಯಿಲ್ಲದಿದ್ದರೆ ಬೆಳೆವಿಮೆ, ಬೆಳೆಹಾನಿ ಪರಿಹಾರಕ್ಕೆ ತೊಡಕಾಗುತ್ತದೆ. ಪಿಎಂ ಕಿಸಾನ್ ಯೋಜನೆಯಲ್ಲಿ 2019ರ ಫೆಬ್ರುವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಹಣವಿಲ್ಲ ಎಂದು ಕಳಿಸಿಬಿಡುತ್ತಾರೆ. ಖಾತೆದಾರರು ತೀರಿಕೊಂಡು ವಾರಸಿನಿಂದ ಬಂದ ಜಮೀನಿಗೆ ಆ ನಿರ್ಬಂಧದಿಂದ ವಿನಾಯಿತಿ ಇದೆ. ಕೃಷಿ ಇಲಾಖೆಗೆ, ಅಂದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ ಪೌತಿಯ ಎಂಆರ್ ಪ್ರತಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ಬರೀ ಪಹಣಿ ತೋರಿಸಿದರೆ ಜಮೀನು ವಾರಸಿನಿಂದ ಬಂದದ್ದೋ ಕ್ರಯಕ್ಕೆ ಕೊಂಡದ್ದೋ ಅವರಿಗೆ ತಿಳಿಯುವುದಿಲ್ಲ.